ಗೋಡೆ ಒಡೆದಾಗ ಸಿಕ್ಕ ನೂರು ವರ್ಷ: ನಮ್ಮ ಊರ ಮನೆಯ ರಿನೋವೇಶನ್ ಕಥೆ

ವಿಡಿಯೋ ನೋಡಲಿಕ್ಕೆ ಟೈಮ್ ಇಲ್ಲದವರಿಗಾಗಿ ಈ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಇವತ್ತು ರಾಜರ ಕಥೆ ಅಲ್ಲ, ಶಾಸನದ ಕಥೆಯೂ ಅಲ್ಲ. ನಮ್ಮ ಮನೆಯ ಕಥೆ. ಹುಬ್ಬಳ್ಳಿಯಿಂದ ಕಲಘಟಗಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಮಂಗಳೂರು ಹಂಚಿನ ಮನೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿತ್ತಲಲ್ಲಿ ಬಚ್ಚಲು. ಅಲ್ಲಿ ಈಗ ಅಪ್ಪ, ಅವ್ವ ಇಬ್ಬರೇ. ನಾನು ಹನ್ನೊಂದು ವರ್ಷದಿಂದ ಪುಣೆಯಲ್ಲಿ.

ಹೋದ ವರ್ಷ ಶ್ರಾವಣದಲ್ಲಿ ಅವ್ವ ರಾತ್ರಿ ಬಚ್ಚಲಿಗೆ ಹೋಗುವಾಗ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕೈ ಮುರಿಯಿತು. ನನಗೆ ಗೊತ್ತಾದದ್ದು ಮರುದಿನ ಮಧ್ಯಾಹ್ನ, ಮೀಟಿಂಗ್ ಮುಗಿದ ಮೇಲೆ. "ನೀ ಗಾಬರಿ ಆಗ್ತಿ ಅಂತ ಹೇಳಲಿಲ್ಲ" ಅಂದ ಅಪ್ಪ. ಅವತ್ತೇ ತೀರ್ಮಾನ ಆಯ್ತು: ಮನೆಯ ಹಿಂದೆ ಒಂದು ಕೋಣೆ ಬೆಳೆಸಬೇಕು, ಅದಕ್ಕೆ ಅಂಟಿಕೊಂಡೇ ಬಾತ್‌ರೂಮ್, ಜೊತೆಗೆ ಅಡಿಗೆಮನೆ ರಿಪೇರಿ.

ಇಲ್ಲಿಯವರೆಗೆ ಎಲ್ಲರೂ ಒಂದೇ ಮಾತು. ಜಗಳ ಶುರುವಾದದ್ದು ಹಂಚಿನ ವಿಷಯಕ್ಕೆ. ಅಪ್ಪನಿಗೆ ಇದೇ ನೆಪದಲ್ಲಿ ಹಂಚೆಲ್ಲ ತೆಗೆದು ಇಡೀ ಮನೆಗೆ ಸ್ಲ್ಯಾಬ್ ಹಾಕಿಸುವ ಆಸೆ. ನನಗೆ ಹಂಚು ಹೋಗಬಾರದು. "ಅದು ನಮ್ಮ ಮೂಲ ಮನಿ, ಅಪ್ಪಾ" ಅಂದೆ ಫೋನಿನಲ್ಲಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮಂಗ್ಯಾ ಜಿಗದು ಹಂಚು ಒಡದ್ರ ಮ್ಯಾಲೆ ಹತ್ತಾಂವ ಯಾರೋ ತಮ್ಮಾ? ನೀ ಪುಣೆದಿಂದ ಬರ್ತಿಯೇನು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ವಿಷಯ ಆಮೇಲೆ ನೋಡೋಣ ಅಂತ ಹಿಂದಿನ ಕೆಲಸ ಶುರು ಮಾಡಿಸಿದೆವು. ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಅಪ್ಪನಿಂದ ನಾಲ್ಕೈದು ಫೋಟೋ. ಪ್ರತಿ ಫೋಟೋದ ಮೂಲೆಯಲ್ಲಿ ಅಪ್ಪನ ಹೆಬ್ಬೆರಳು. ಆ ಫೋಟೋಗಳನ್ನು ನೋಡ್ತಾ ನೋಡ್ತಾ ನಾನು "ಮೂಲ ಮನೆ" ಅಂತ ಏನನ್ನು ಕರೀತಿದ್ದೆನೋ ಅದೇ ಕರಗುತ್ತ ಹೋಯಿತು.

ಎರಡು ಫೂಟಿನ ಗೋಡೆ

ನಕ್ಷೆ ನಾನೇ ಹಾಕಿದ್ದೆ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್, ಆದರೆ ಸಾಫ್ಟ್‌ವೇರ್ ಇದೆಯಲ್ಲ, ಎಷ್ಟು ಕಷ್ಟ ಅಂದುಕೊಂಡೆ. ಮನೆಯ ಹೊರಗಿನ ಅಳತೆ ನನ್ನ ಹತ್ತಿರ ಇತ್ತು. ಗೋಡೆಗೆ 9 ಇಂಚು ಹಿಡಿದೆ, ಪುಣೆಯ ಫ್ಲ್ಯಾಟ್ ಲೆಕ್ಕ. ನಕ್ಷೆ ನೋಡಿ ಊರಿನ ಹಿರಿಯ ಗೌಂಡಿ ಕಾಕಾ ನಕ್ಕರಂತೆ: "ಇಂಜಿನಿಯರ್ ಸಾಹೇಬ್ರ ನಕ್ಷಾದಾಗ ಮನಿ ಐತಿ, ಗ್ವಾಡಿನ ಇಲ್ಲಲ್ಲರೀ!"

ನಮ್ಮ ಗೋಡೆ ಮಣ್ಣಿನದು, ದಪ್ಪ 2 ಫೂಟು. ಒಂದೊಂದು ಗೋಡೆಗೆ 15 ಇಂಚು ತಪ್ಪು. ಮೂರು ಗೋಡೆ ಸೇರಿ ಹತ್ತಿರ ಹತ್ತಿರ 4 ಫೂಟು. ಅಡಿಗೆಮನೆ ಪಕ್ಕದಿಂದ ಹೊಸ ಕೋಣೆಗೆ ನಾನು ಬರೆದಿದ್ದ ದಾರಿಯೇ ಮಾಯ. ಎರಡನೇ ನಕ್ಷೆ ಕಾಕಾನೇ ನೆಲದ ಮೇಲೆ ಸುಣ್ಣದಲ್ಲಿ ಎಳೆದರು, ಅಪ್ಪ ಫೋಟೋ ಕಳಿಸಿದ.

ಇಷ್ಟು ದಪ್ಪ ಯಾಕೆ? ಈಗಿನ ಮನೆಯಲ್ಲಿ ಭಾರ ಹೊರೋದು ಕಾಲಂ ಮತ್ತು ಬೀಮ್; ಗೋಡೆ ಬರೀ ಪರದೆ. ಹಳೇ ಮನೆಯಲ್ಲಿ ಕಂಬದ ಜೊತೆ ಗೋಡೆಯೂ ಭಾರ ಹೊರಬೇಕು. ಮಣ್ಣಿಗೆ ಶಕ್ತಿ ಕಡಿಮೆ, ಆದ್ದರಿಂದ ದಪ್ಪ ಜಾಸ್ತಿ. ಆ ದಪ್ಪದಿಂದಲೇ ಏಪ್ರಿಲ್ ಬಿಸಿಲಿನ ಕಾವು ಒಳಗೆ ಬರುವಷ್ಟರಲ್ಲಿ ಸಂಜೆ ಆಗಿರುತ್ತೆ.

ಹಂಚಿನ ಕೆಳಗೆ ಇನ್ನೊಂದು ಮಾಳಿಗೆ

ಹಿಂದಿನ ಗೋಡೆಯ ಗಿಲಾವು ಕೆದರಿದಾಗ ಒಂದು ಫೋಟೋ ಬಂತು. ಹಂಚಿನ ಮರಕ್ಕಿಂತ ಒಂದು ಮೊಳ ಕೆಳಗೆ, ಗೋಡೆಯಲ್ಲಿ ಸಾಲಾಗಿ ಚೌಕಾಕಾರದ ಗುರುತು, ಮಣ್ಣು ತುಂಬಿ ಮುಚ್ಚಿದ್ದು. ಕಾಕಾಗೆ ನೋಡಿದ ಕೂಡಲೇ ತಿಳಿಯಿತು: "ಇವು ಜಂತಿ ಕೂತಿದ್ದ ಜಾಗಾ. ಮೊದಲ ಇದು ಮ್ಯಾಳಗಿ ಮನಿ ಇತ್ರೀ."

ನಮ್ಮ ಬಯಲುಸೀಮೆ ಕಡೆಯವರಿಗೆ ಮಾಳಿಗೆ ಮನೆ ಗೊತ್ತು. ತೊಲೆ, ಅದರ ಮೇಲೆ ಅಡ್ಡ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಮೇಲೆ ದಪ್ಪಗೆ ಮಣ್ಣು. ಬೆಳಕಿಗೆ ಮೇಲೊಂದು ಬೆಳಕಿಂಡಿ. ಅಂದರೆ ನಾನು "ಮೂಲ" ಅಂತ ಹಟ ಹಿಡಿದಿದ್ದ ಹಂಚೇ ಒಂದು ರಿನೋವೇಶನ್! ಯಾರೋ ಒಬ್ಬ ಮುತ್ತಜ್ಜ ತನ್ನ ಅಪ್ಪನ ಮಣ್ಣಿನ ಮಾಳಿಗೆ ತೆಗೆಸಿ, ಆ ಕಾಲದ ಹೊಸ ಫ್ಯಾಶನ್ ಹಾಕಿಸಿದ್ದ.

ಆ ಫ್ಯಾಶನ್ ಎಲ್ಲಿಯದು? ಒಂದು ಕೆಲಸಕ್ಕೆ ಬಂದು ಇನ್ನೊಂದು ಕೆಲಸದಲ್ಲಿ ಹೆಸರಾದ ಮನುಷ್ಯನ ಕಥೆ ಇದು. ಗಿಯೋರ್ಗ್ ಪ್ಲೆಬ್ಸ್ಟ್ ಅನ್ನುವ ಜರ್ಮನ್, ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯದ ಕೆಲಸಕ್ಕೆ ಬಂದವ. ಮಿಶನ್ ಸೇರಿದವರು ಹಳೆಯ ಜಾತಿ ಕಸುಬು, ಆಸರೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೊಂದು ದುಡಿಮೆ ಬೇಕಿತ್ತು. ಕರಾವಳಿಯ ನದಿ ದಂಡೆಗಳಲ್ಲಿ ಒಳ್ಳೆಯ ಜೇಡಿಮಣ್ಣು ಇತ್ತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಈ ಹಂಚಿನ ವಿನ್ಯಾಸ ಅದಕ್ಕೂ ಹಿಂದಿನದು. ಫ್ರಾನ್ಸಿನ ಆಲ್ಸೇಸ್ ಪ್ರದೇಶದ ಗಿಲಾರ್ಡೋನಿ ಸಹೋದರರು 1841ರಲ್ಲೇ ಅಂಥ ಹಂಚಿಗೆ ಪೇಟೆಂಟ್ ಪಡೆದಿದ್ದರು. ಮೂರು ವರ್ಷ ಬಿಟ್ಟು, 1868ರಲ್ಲಿ, ಮಂಗಳೂರಿನ ಆಲ್ಬುಕರ್ಕ್ ಕುಟುಂಬ ತನ್ನದೇ ಕಾರ್ಖಾನೆ ತೆರೆಯಿತು. ಆಮೇಲೆ ಸಾಲು ಸಾಲು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ನಂಟಿನ ಮಿಶನ್ ಉದ್ಯಮಗಳನ್ನು ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಂಚು ಮಾತ್ರ ನಿಲ್ಲಲಿಲ್ಲ.

ಇಲ್ಲೊಂದು ಎಚ್ಚರಿಕೆ. ನಮ್ಮ ಒಂದು ಹಂಚಿನ ಮೇಲೆ 1868 ಅಂತ ಅಚ್ಚು ಇತ್ತು. "ನಮ್ಮ ಮನೆಗೆ ನೂರೈವತ್ತು ವರ್ಷ" ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾಯಿತು, ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷ ಅಲ್ಲ. ಅಜ್ಜಿ ಹೇಳ್ತಿದ್ದ ಲೆಕ್ಕ ಹಿಡಿದರೆ ನಮ್ಮ ಹಂಚು ಮನೆಗೆ ಬಂದದ್ದು 1930ರ ಆಸುಪಾಸು. ನಿಮ್ಮ ಮನೆಯ ಹಂಚಿನಲ್ಲೂ 1865 ಅಥವಾ 1868 ಇದ್ದರೆ ಸ್ವಲ್ಪ ತಡೆದು ಸ್ಟೇಟಸ್ ಹಾಕಿ.

ಪುಣೆಗೂ ನಮ್ಮೂರಿಗೂ ಒಂದೇ ನೆಲ

ಅಡಿಗೆಮನೆಯ ನೆಲ ಶಹಾಬಾದಿ ಫರಶಿ. ಇದರಲ್ಲಿ ನಮ್ಮಂಥ ಹೊರಗಿನ ಕನ್ನಡಿಗರಿಗೆ ಒಂದು ಸಂತೋಷ ಇದೆ. ಪುಣೆಯಲ್ಲಿ ನಾನು ಮೊದಲು ಬಾಡಿಗೆಗಿದ್ದ ಪೇಟೆಯ ಹಳೇ ವಾಡೆಯಲ್ಲೂ ಅದೇ ಕಲ್ಲು. ಮನೆ ಮಾಲೀಕರು "ಶಹಾಬಾದಿ ಫರಶಿ" ಅಂತಲೇ ಅಂತಿದ್ದರು. ಅವರಿಗೆ ಅದು ಫರಶಿಯ ಒಂದು ಜಾತಿಯ ಹೆಸರು. ಅದು ಕಲಬುರಗಿ ಜಿಲ್ಲೆಯ ಒಂದು ಊರು ಅಂತ ಗೊತ್ತೇ ಇರಲಿಲ್ಲ. ಭೀಮಾ ಸೀಮೆಯ ಈ ಸುಣ್ಣಕಲ್ಲು ಪದರ ಪದರವಾಗಿ ಕೂತಿದೆ, ಆದ್ದರಿಂದ ಚಪ್ಪಡಿಯಾಗಿ ಏಳುತ್ತೆ. ಮುಂಬೈಯಿಂದ ರಾಯಚೂರಿಗೆ ರೈಲು ಮುಟ್ಟಿದ್ದು 1871ರಲ್ಲಿ. ಶಹಾಬಾದ್ ಅದೇ ದಾರಿಯಲ್ಲಿದೆ. ರೈಲು ಇದ್ದರೆ ಭಾರದ ಕಲ್ಲೂ ದೂರ ಹೋಗುತ್ತೆ. ನಮಗಿಂತ ಮೊದಲು ಪುಣೆ, ಮುಂಬೈಗೆ ವಲಸೆ ಹೋದವರಲ್ಲಿ ಈ ಕಲ್ಲೂ ಒಂದು.

ಅರ್ಧ ಸ್ಲ್ಯಾಬಿನ ಗುಟ್ಟು

ನಮ್ಮ ಅಡಿಗೆಮನೆಯ ಮೇಲೆ ಅರ್ಧ ಸ್ಲ್ಯಾಬ್, ಇನ್ನರ್ಧ ತಗಡು. ಚಿಕ್ಕಂದಿನಿಂದ ನಾವು ಮೊಮ್ಮಕ್ಕಳು ಇದಕ್ಕೆ ನಗ್ತಿದ್ದೆವು, ಅಜ್ಜ ಜಿಪುಣ ಅಂತ. ಕೋಡ್‌ನಲ್ಲಿ ವಿಚಿತ್ರ ಸಾಲು ಕಂಡರೆ ನಾವು ಗಿಟ್ ಬ್ಲೇಮ್ ಹಾಕಿ ಬೈಯೋದಿಲ್ಲವಾ, ಹಾಗೆ.

ತಗಡು ಬಿಚ್ಚಿದ ದಿನ ಅಪ್ಪ ಹೇಳಿದ. 1979ರಲ್ಲಿ ಅಜ್ಜ ಸ್ಲ್ಯಾಬ್ ಹಾಕಿಸಹೊರಟಾಗ ಸಿಮೆಂಟ್ ಅಂಗಡಿಗೆ ಹೋಗಿ ತರುವ ವಸ್ತು ಆಗಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿ, ಪರ್ಮಿಟ್ ಬೇಕು. ಅಜ್ಜ ಆರು ತಿಂಗಳು ತಾಲೂಕು ಕಚೇರಿಗೆ ಅಲೆದ. ಕೇಳಿದ್ದರಲ್ಲಿ ಅರ್ಧ ಚೀಲ ಮಂಜೂರಾಯಿತು. ಕಾಳಸಂತೆಯಲ್ಲಿ ತಗೊಳ್ಳಲಿಕ್ಕೆ ರೊಕ್ಕ ಇರಲಿಲ್ಲ. ಬಂದಷ್ಟಕ್ಕೆ ಅರ್ಧ ಸ್ಲ್ಯಾಬ್ ಹಾಕಿ, ಉಳಿದದ್ದು ಆಮೇಲೆ ಅಂತ ಸಲಾಕಿ ಹೊರಗೆ ಚಾಚಿ ಬಿಟ್ಟಿದ್ದ. ಆ ತುಕ್ಕು ಹಿಡಿದ ಸಲಾಕಿಗೇ ನಾವು ಜೋಕಾಲಿ ಕಟ್ಟುತ್ತಿದ್ದೆವು.

ಮಹಾರಾಷ್ಟ್ರದಲ್ಲಿರುವವರಿಗೆ ಈ ಕಾಲ ಬೇರೆ ಕಾರಣಕ್ಕೆ ನೆನಪಿರಬಹುದು. ಸಿಮೆಂಟ್ ಹಂಚಿಕೆ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಬಂದು ಮುಖ್ಯಮಂತ್ರಿ ಎ. ಆರ್. ಅಂತುಲೆ ರಾಜೀನಾಮೆ ಕೊಟ್ಟದ್ದು 1982ರ ಜನವರಿಯಲ್ಲಿ. ಮರು ತಿಂಗಳು, ಫೆಬ್ರವರಿ 28ಕ್ಕೆ, ಕೇಂದ್ರ ಸರ್ಕಾರ ನಿಯಂತ್ರಣವನ್ನು ಅರ್ಧ ಸಡಿಲಿಸಿತು. ಪೂರ್ತಿ ತೆಗೆದದ್ದು 1989ರಲ್ಲಿ. ಅಷ್ಟರಲ್ಲಿ ಅಜ್ಜ ಇರಲಿಲ್ಲ. ಈಗ ನಾನು ಪುಣೆಯಲ್ಲಿ ಕೂತು ಫೋನಿನಲ್ಲೇ ರೊಕ್ಕ ಕಳಿಸಿದರೆ ಸಂಜೆಗೆ ಐವತ್ತು ಚೀಲ ಮನೆ ಮುಂದೆ ಇಳಿಯುತ್ತೆ. ಜಿಪುಣ ಅಂದ ಮಾತಿಗೆ ಕ್ಷಮೆ ಕೇಳಲಿಕ್ಕೆ ಅಜ್ಜ ಇಲ್ಲ. ಅಪ್ಪನಿಗೆ ಹೇಳಿದೆ. "ನಾನೂ ಒಮ್ಮೆ ಹಂಗ ಅಂದಿದ್ದೆ ಬಿಡು" ಅಂದ.

ಹೊಸದು ಹಳೆಯದು ಕೂಡುವ ಜಾಗ

ಕೆಲಸದಲ್ಲಿ ನಿಜವಾದ ಕಷ್ಟ ಇದ್ದದ್ದು ಅಡಿಪಾಯದಲ್ಲಿ. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಹಳೇ ಮನೆ ತೊಂಬತ್ತು ವರ್ಷದಲ್ಲಿ ಕೂರುವಷ್ಟು ಕೂತುಬಿಟ್ಟಿದೆ. ಹೊಸ ಕೋಣೆ ಇನ್ನು ಕೂರಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಕೂಡಿದ ಕಡೆ ಸೀಳುತ್ತೆ. ಎರೆಮಣ್ಣು ದಾಟಿ ಗಟ್ಟಿ ನೆಲ ಸಿಗುವವರೆಗೆ ಅಗೆಸಿದೆವು. ಹೊಸ ಗೋಡೆ ಹಳೆಯದಕ್ಕೆ ತಾಗದಂತೆ ಸಣ್ಣ ಸಂದು ಬಿಟ್ಟು, ನೀರು ಇಳಿಯದಂತೆ ಮೇಲೆ ತಗಡಿನ ಮುಚ್ಚಳ ಹಾಕಿಸಿದೆವು.

ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಮಣ್ಣಿನ ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿ ಅಂದಿದ್ದೆ. ಕಾಕಾ 1979ರ ಸಿಮೆಂಟ್ ಗಿಲಾವು ತೋರಿಸಿದರು: ಕೆಳಗಿನಿಂದ ಹಪ್ಪಳದ ಹಾಗೆ ಎದ್ದಿತ್ತು. ಮಣ್ಣಿನ ಗೋಡೆ ತೇವ ಹೀರುತ್ತೆ, ಬಿಡುತ್ತೆ. ಸಿಮೆಂಟ್ ಆ ದಾರಿ ಮುಚ್ಚುತ್ತೆ. ಅಲ್ಲಿಗೆ ಸುಣ್ಣದ ಗಚ್ಚೇ ಸರಿ. ಸಿಮೆಂಟ್ ಇಲ್ಲದೆ ಗಟ್ಟಿ ಆಗ್ತದೇನು ಅನ್ನುವವರಿಗೆ ಒಂದೇ ಉತ್ತರ: 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯ ಮೇಲೆ.

ಅಪ್ಪನ ಪ್ರಶ್ನೆಗೆ ಉತ್ತರ

ಹಂಚಿನ ಜಗಳಕ್ಕೆ ಕೊನೆಗೆ ಬಂದೆವು. ಈ ಹೊತ್ತಿಗೆ ನನ್ನ "ಮೂಲ ಮನೆ" ವಾದ ಬಿದ್ದುಹೋಗಿತ್ತು. ಮುತ್ತಜ್ಜ ಮಾಳಿಗೆ ತೆಗೆದ, ಅಜ್ಜ ಸ್ಲ್ಯಾಬಿಗೆ ಅಲೆದ. ಇಬ್ಬರೂ ಕಟ್ಟಿಸಿದ್ದು ಒಳಗೆ ಇರುವವರಿಗಾಗಿ, ನೆನಪಿಗಾಗಿ ಅಲ್ಲ. ವರ್ಷಕ್ಕೆ ಹತ್ತು ದಿನ ಬರುವ ನಾನು, ಮುನ್ನೂರೈವತ್ತು ದಿನ ಇರುವವರಿಗೆ ಹಂಚಿನ ಚಂದ ಹೇಳುತ್ತಿದ್ದೆ.

ಆದ್ದರಿಂದ ನಾನೇ ಅಂದೆ, "ಬೇಡಾದ್ರ ತಗಸ್ರಿ ಅಪ್ಪಾ." ಆಗ ಅವ್ವ ಮೊದಲ ಸಲ ಬಾಯಿ ಬಿಟ್ಟಳು: "ಪಡಸಾಲ್ಯಾಗ ತಂಪ ಇರತೈತಿ. ಅದೊಂದು ಇರ್ಲಿ. ಆದ್ರ ಮಳಿಗಾಲದ ಮುಂಚೆ ವರ್ಷಾ ನೀನ ಬಂದು ನಿಂತು ಹಂಚು ಸರಿ ಮಾಡಸ್ಬೇಕು."

ಹಾಗಾಗಿ ಪಡಸಾಲೆಯ ಮೇಲೆ ಹಂಚು ಉಳಿಯಿತು. ಗೆದ್ದಲು ಹಿಡಿದ ಮರ ಬದಲಾಯಿತು. ಒಡೆದ ಹಂಚಿಗೆ ಪಕ್ಕದೂರಲ್ಲಿ ಕೆಡವಿದ ಮನೆಯಿಂದ ಹಳೇ ಹಂಚು ತಂದೆವು. ಅಡಿಗೆಮನೆಗೆ ಪೂರ್ತಿ ಸ್ಲ್ಯಾಬ್ ಬಂತು, ಅಜ್ಜನ ಲೆಕ್ಕ ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ ಮುಗಿಯಿತು. ಅವ್ವ ಈಗ ರಾತ್ರಿ ಹಿತ್ತಲಿಗೆ ಹೋಗಬೇಕಿಲ್ಲ. ಈ ಮೇ ತಿಂಗಳು ನಾನು ರಜೆ ಹಾಕಿ ಹೋಗಿ, ಏಣಿ ಹಿಡಿದು ನಿಂತು ಹಂಚು ಸರಿ ಮಾಡಿಸಿ ಬಂದೆ. ಮುಂದಿನ ಮೇಗೆ ರಜೆ ಈಗಲೇ ಕೇಳಿಟ್ಟಿದ್ದೇನೆ. ಅದರ ಮುಂದಿನದ್ದಕ್ಕೂ ಹೋಗಬೇಕು. ಹೋಗದಿದ್ದರೆ ಆ ಹಂಚನ್ನು ಉಳಿಸಿ ಅಂತ ಕೇಳುವ ಹಕ್ಕು ನನಗಿಲ್ಲ.

ನಿಮ್ಮ ಊರಲ್ಲೂ ಇಂಥ ಕೆಲಸ ನಡೀತಿದ್ದರೆ ಮೂರೇ ಮಾತು. ನಕ್ಷೆ ಹಾಕುವ ಮೊದಲು ಗೋಡೆಯ ದಪ್ಪ ಅಳೆಯಿರಿ. ಒಡೆಯುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಸಿ, ಹೆಬ್ಬೆರಳು ಬಂದರೂ ಪರವಾಗಿಲ್ಲ. ಮತ್ತೆ, ಮನೆಯಲ್ಲಿ ಯಾವುದಾದರೂ ಅರ್ಧಕ್ಕೆ ನಿಂತಿದ್ದರೆ ಅದು ಯಾಕೆ ಅಂತ ಹಿರಿಯರನ್ನು ಈಗಲೇ ಕೇಳಿ.