ಗಂಟೆ ಎಷ್ಟಾತು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ವೇಳೆ ತಿಳಿಯಬೇಕಾದಾಗ "ಗಂಟೆ ಎಷ್ಟಾತು?" ಎಂದು ಕೇಳುವುದುಂಟು. ಕೇಳುವುದು ಕಾಲವನ್ನು, ಹೆಸರು ಮಾತ್ರ ದೇವಸ್ಥಾನದಲ್ಲಿ ತೂಗುವ, ದನದ ಕೊರಳಲ್ಲಿ ಆಡುವ ವಸ್ತುವಿನದು. ಸದ್ದು ಮಾಡುವ ವಸ್ತುವು ಕಾಲದ ಅಳತೆಯಾದುದು ಹೇಗೆ?

ಇದು ಕನ್ನಡವೊಂದರ ರೀತಿಯಲ್ಲ. ಇಂಗ್ಲಿಷಿನವರು ಗಂಟೆಯ ನಾದಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದಾರೆ: ಸಾವನ್ನು ಸಾರುವ ನಿಧಾನದ ನಾದ 'ನೆಲ್', ಗಡಿಯಾರದ ಇಂಪಾದ ನಾದ 'ಚೈಮ್', ಕಿರುಗಂಟೆಯ ಕಿಣಿಕಿಣಿ 'ಟಿಂಕಲ್'. ಗಡಿಯಾರಕ್ಕೆ ಅವರು ಹೇಳುವ 'ಕ್ಲಾಕ್' ಎಂಬ ಶಬ್ದದ ಮೂಲವೂ ಗಂಟೆ ಎಂಬರ್ಥದ ಮಧ್ಯಯುಗದ ಲ್ಯಾಟಿನ್ 'ಕ್ಲೊಕ್ಕ'ವೇ. ಕಾರಣ ಸ್ಪಷ್ಟವಾಗಿದೆ. ಯುರೋಪಿನ ಮೊದಮೊದಲ ಯಂತ್ರ ಗಡಿಯಾರಗಳಲ್ಲಿ ಹಲವಕ್ಕೆ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಸಾಲ್ಸ್‌ಬರಿಯ ಇಗರ್ಜಿಯಲ್ಲಿರುವ, 1386ರ ಸುಮಾರಿನದೆನ್ನಲಾಗುವ ಗಡಿಯಾರ ಅಂಥದು. ಜನ ಕಾಲವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

ನಮ್ಮಲ್ಲಿ ಗಂಟೆಗಿಂತ ಹಳೆಯ ಅಳತೆ ಗಳಿಗೆ. ಅದು 'ಘಟಿಕಾ' ಶಬ್ದದ ತದ್ಭವ, ಘಟವೆಂದರೆ ಕೊಡ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಅಂಥವು 60. ಏಳೂವರೆ ಗಳಿಗೆಗೆ ಒಂದು ಜಾವ. ಅರಮನೆ, ಕೋಟೆಗಳಲ್ಲಿ ಬಟ್ಟಲು ಮುಳುಗಿದೊಡನೆ ಜಾಗಟೆ ಬಾರಿಸಿ ಊರಿಗೆ ತಿಳಿಸುತ್ತಿದ್ದರು. ಪಾಶ್ಚಾತ್ಯ ಗಡಿಯಾರ ಬಂದ ಮೇಲೆ ಕಚೇರಿ, ಶಾಲೆಗಳಲ್ಲಿ 24ರ ಲೆಕ್ಕ ನಿಂತಿತು. ಬಾರಿಸುವ ಪದ್ಧತಿ ಮಾತ್ರ ಉಳಿಯಿತು. ಆ ಪೆಟ್ಟಿನ ಹೆಸರೇ ಹೊಸ ಅಳತೆಗೆ ಅಂಟಿತು.

ಆದರೆ ಇವೆರಡರೊಳಗೆ ಹೆಸರಿನದಷ್ಟೇ ಅಲ್ಲ, ಬೇರೊಂದು ಭೇದವೂ ಇದೆ. ಪಂಚಾಂಗದ ಗಳಿಗೆ ನಮ್ಮೂರಿನ ಸೂರ್ಯೋದಯದಿಂದ ಮೊದಲಾಗುತ್ತದೆ. ಗಂಟೆಯಾದರೋ 1906ರ ಜನವರಿ 1ರಿಂದ ಭಾರತೀಯ ಕಾಲಮಾನಕ್ಕೆ, ಅಂದರೆ ಪೂರ್ವಕ್ಕಿರುವ ಎಂಬತ್ತೆರಡೂವರೆ ಡಿಗ್ರಿಯ ರೇಖಾಂಶಕ್ಕೆ ಸೇರಿದುದು. ಆದ್ದರಿಂದ ಶಿರಸಿಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ ಹನ್ನೆರಡೂವರೆ ಆಗಿರುತ್ತದೆ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ಈ ದೂರದ ಗಂಟೆ ರೇಡಿಯೋ ಇದ್ದವರ ಮನೆಯೊಳಕ್ಕೇ ಬಂದಿತು. ಅಡಿಕೆ ತೋಟದ ಮನೆಯವರೂ ಗೋಡೆಯ ಗಡಿಯಾರವನ್ನು ಅದರ ಮಾತಿಗೆ ತಿದ್ದಿಕೊಳ್ಳುವಂತಾಯಿತು.

ಗಳಿಗೆ ಇದರಿಂದ ಅಳಿಯಲಿಲ್ಲ. ಬಸ್ಸು ಹಿಡಿಯಲು ಗಂಟೆ ಕೇಳುವವರೇ ಮಗಳ ಮದುವೆಗೆ ಒಳ್ಳೆಯ ಗಳಿಗೆ ಕೇಳುತ್ತಾರೆ. ಊರಿನ ಸೂರ್ಯನ ಲೆಕ್ಕ ಮನೆಯ ಶುಭಕಾರ್ಯಕ್ಕೆ, ದೇಶದ ಲೆಕ್ಕ ಹೊರಗಿನ ವ್ಯವಹಾರಕ್ಕೆ ಎಂದು ನಮ್ಮ ಜನ ಎರಡನ್ನೂ ಇಟ್ಟುಕೊಂಡಿದ್ದಾರೆ.