ಕಾಶ್ಮೀರದ ಶಾಲು: ಕೊಂಡವರ ಬರಹ, ನೆಯ್ದವರ ಇತಿಹಾಸ

ವಿದೇಶೀ ಪ್ರವಾಸಿಗರ ಬರಹಗಳನ್ನು ಇತಿಹಾಸದ ಆಕರಗಳಾಗಿ ಬಳಸುವಾಗ ನಾವು ಅವುಗಳಲ್ಲಿ ಬರುವ ಅರಸರ ಓಲಗ, ದಂಡಯಾತ್ರೆ, ಧರ್ಮಾಚಾರಗಳ ವರ್ಣನೆಗಳಿಗೆ ಕೊಡುವಷ್ಟು ಗಮನವನ್ನು ಅವರು ಪೇಟೆಯಲ್ಲಿ ಕೇಳಿ ಬರೆದಿಟ್ಟ ಬೆಲೆಗಳಿಗೆ ಕೊಡುವುದಿಲ್ಲ. ಬೆಲೆಯ ಮಾತು ಇತಿಹಾಸದ ಘನತೆಗೆ ತಕ್ಕುದಲ್ಲವೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿರುವಂತೆ ತೋರುತ್ತದೆ. ಆದರೆ ಅರಸನ ವಿಷಯದಲ್ಲಿ ಪ್ರವಾಸಿಗನು ಬಹುಮಟ್ಟಿಗೆ ಕೇಳಿದ್ದನ್ನು ಬರೆಯುತ್ತಾನೆ. ತಾನು ಕೊಳ್ಳಲು ಹೋದ ವಸ್ತುವಿನ ವಿಷಯದಲ್ಲಿ ಮುಟ್ಟಿ ನೋಡಿದ್ದನ್ನು ಬರೆಯುತ್ತಾನೆ. ಈ ದೃಷ್ಟಿಯಿಂದ ಎರಡನೆಯ ಬಗೆಯ ಸಾಕ್ಷ್ಯವು ಹೆಚ್ಚು ನಂಬಿಕೆಗೆ ಅರ್ಹವಾದುದು. ಅದರ ಮಿತಿಯೂ ಇಲ್ಲಿಯೇ ಇದೆ. ಕೊಳ್ಳುವವನು ಅಂಗಡಿಯನ್ನು ಕಾಣುತ್ತಾನೆ, ಮಗ್ಗವನ್ನು ಕಾಣುವುದು ಅಪೂರ್ವ. ಕಾಶ್ಮೀರದ ಶಾಲನ್ನು ಕುರಿತು ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಪ್ರವಾಸಿಗರು ಬರೆದುದನ್ನು ಈ ಎರಡು ಅಂಶಗಳನ್ನೂ ನೆನಪಿನಲ್ಲಿಟ್ಟುಕೊಂಡು ಓದಲು ಇಲ್ಲಿ ಪ್ರಯತ್ನಿಸಿದ್ದೇವೆ.

'ಶಾಲು' ಎಂಬ ಮಾತು ಪಾರಸಿಯ ಮೂಲಕ ನಮಗೆ ಬಂದುದು. ಹಳೆಯ ತಲೆಮಾರಿನವರ ಬಾಯಲ್ಲಿ 'ಶಾಲುಜೋಡಿ' ಎಂಬ ಪ್ರಯೋಗವೂ ಕೇಳಿಬರುತ್ತಿತ್ತು. ಈ ಜೋಡಿ ಬರಿಯ ಅಲಂಕಾರದ ಮಾತಲ್ಲ. ಹಿಂದಣ ಬದಿಯ ನೂಲಿನ ಗಂಟುಗಳು ಕಾಣದಂತೆ ಎರಡು ಶಾಲುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಹೊದೆಯುವ 'ದೋಶಾಲೆ'ಯ ರೂಢಿ ಅಕ್ಬರನ ಕಾಲದಲ್ಲಿದ್ದುದು ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಿಂದ ತಿಳಿಯುತ್ತದೆ. ಶಾಲುಗಳನ್ನು ಜೋಡಿಯಾಗಿಯೇ ನೆಯ್ದು ಮಾರುತ್ತಿದ್ದುದಕ್ಕೂ ಇದೇ ಹಿನ್ನೆಲೆ. ನಮ್ಮ ಸಭೆಗಳಲ್ಲಿ ಇಂದು ಸನ್ಮಾನಿತರಿಗೆ ಹೊದಿಸುವ ಶಾಲಿಗೂ ಕಾಶ್ಮೀರಕ್ಕೂ ಹೆಸರಿನ ಹೊರತು ಬೇರೆ ನಂಟಿರುವುದು ವಿರಳವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು.

ಯುರೋಪಿನವರಲ್ಲಿ ಶಾಲನ್ನು ಮೊದಲು ವಿವರವಾಗಿ ವರ್ಣಿಸಿದವರ ಪೈಕಿ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ ಮುಖ್ಯನು. ಔರಂಗಜೇಬನ ಪರಿವಾರದೊಡನೆ ೧೬೬೦ರ ದಶಕದಲ್ಲಿ ಅವನು ಕಾಶ್ಮೀರಕ್ಕೆ ಹೋಗಿದ್ದನು. ಶಾಲಿನ ಎರಡು ತುದಿಗಳಲ್ಲಿ ಸುಮಾರು ಒಂದಡಿ ಅಗಲದ ಕುಸುರಿ ಇರುತ್ತಿತ್ತೆಂದೂ, ಚಳಿಗಾಲದಲ್ಲಿ ಗಂಡಸರೂ ಹೆಂಗಸರೂ ಅದನ್ನು ಹೊದೆಯುತ್ತಿದ್ದರೆಂದೂ ಅವನು ಬರೆದಿದ್ದಾನೆ. ಪಟ್ನಾ, ಆಗ್ರಾ, ಲಾಹೋರುಗಳಲ್ಲಿ ನೆಯ್ದವುಗಳಿಗೆ ಕಾಶ್ಮೀರದ ಶಾಲಿನ ಮೃದುತ್ವ ಬರಲಿಲ್ಲ. ಇದಕ್ಕೆ ಆ ಕಣಿವೆಯ ನೀರೇ ಕಾರಣವೆಂಬ ಜನರ ನಂಬಿಕೆಯನ್ನೂ ಅವನು ಹೇಳುತ್ತಾನೆ. ಆಗಾಗ್ಗೆ ಬಿಚ್ಚಿ ಗಾಳಿಗೆ ಹರಡದಿದ್ದರೆ ನುಸಿ ತಿನ್ನುತ್ತದೆಂಬ ಎಚ್ಚರಿಕೆಯನ್ನೂ ಮರೆತಿಲ್ಲ. ಇದು ಶಾಲನ್ನು ಇಟ್ಟುಕೊಂಡು ನೋಡಿದವನ ಮಾತೆಂಬುದರಲ್ಲಿ ಸಂದೇಹವಿಲ್ಲ. ಒಂದಡಿಯ ಕುಸುರಿ ಎಂಬ ಚಿಕ್ಕ ವಿವರವು ಕಲೆಯ ಇತಿಹಾಸಕಾರರಿಗೆ ಬಹಳ ಉಪಯುಕ್ತವಾಗಿದೆ. ಮೊಗಲರ ಕಾಲದ ಶಾಲಿನ ಸೆರಗಿನಲ್ಲಿ ಬಿಡಿಬಿಡಿಯಾದ ಹೂಗಿಡಗಳ ಒಂದು ಕಿರಿದಾದ ಸಾಲು ಮಾತ್ರ ಇರುತ್ತಿತ್ತು. ಆ ಗಿಡವೇ ಕ್ರಮೇಣ ಒತ್ತೊತ್ತಾಗಿ, ತುದಿ ಬಾಗಿ, ನಾವು ಮಾವಿನಕಾಯಿ ಎಂದು ಕರೆಯುವ ಆಕಾರಕ್ಕೆ ತಿರುಗಿ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಶಾಲಿನ ಬಹುಭಾಗವನ್ನು ಆವರಿಸಿತು.

ಬರ್ನಿಯೆ ಎರಡು ಜಾತಿಯ ಶಾಲುಗಳನ್ನು ಹೇಳುತ್ತಾನೆ. ಒಂದು ಅವನು ನಾಡಿನ ಉಣ್ಣೆಯೆಂದು ಕರೆದದ್ದು. ಅದರ ಬೆಲೆ ಐವತ್ತು ರೂಪಾಯಿಗೆ ಮೀರಿದ್ದನ್ನು ಅವನು ಕಾಣಲಿಲ್ಲ. ಇನ್ನೊಂದು 'ತೂಸ್', ಉಮರಾವರು ಮಾಡಿಸಿಕೊಳ್ಳುವ ತೂಸ್ ಶಾಲಿಗೆ ೧೫೦ ರೂಪಾಯಿ. ತೂಸ್ ಎಂಬುದು ಮಹಾ ಟಿಬೆಟಿನ ಕಾಡುಮೇಕೆಯ ಎದೆಯ ಕೂದಲೆಂದು ಅವನಿಗೆ ತಿಳಿಸಿದ್ದರು. ಅಂಗಡಿಯಲ್ಲಿ ದೊರೆಯುವ ಜ್ಞಾನದ ಸ್ವರೂಪವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಪಶ್ಮೀನಾ ಶಾಲಿನ ಉಣ್ಣೆ ವಾಸ್ತವವಾಗಿ ಕಣಿವೆಯದಲ್ಲ. ಲಡಾಖಿನ ಚಾಂಗ್‌ಥಾಂಗ್ ಮತ್ತು ಪಶ್ಚಿಮ ಟಿಬೆಟಿನ ಎತ್ತರದ ಬಯಲಿನಲ್ಲಿ ಸಾಕುವ ಮೇಕೆಗಳ ಒಳತುಪ್ಪಟ ಅದು. ಚಳಿಗೆ ಬೆಳೆದ ಆ ನವಿರನ್ನು ವಸಂತದಲ್ಲಿ ಬಾಚಿ ತೆಗೆಯುತ್ತಾರೆ, ಮೇಕೆಗೆ ಹಾನಿಯಿಲ್ಲ. ೧೬೮೪ರ ತಿಂಗ್ಮೊಸ್‌ಗಾಂಗ್ ಒಪ್ಪಂದದ ತರುವಾಯ ಈ ಉಣ್ಣೆಯು ಲಡಾಖಿನ ಮೂಲಕ ಕಾಶ್ಮೀರಕ್ಕೇ ಹೋಗತಕ್ಕದ್ದೆಂಬ ಏಕಸ್ವಾಮ್ಯವೂ ಏರ್ಪಟ್ಟಿತು. ತೂಸಾದರೋ ಮೇಕೆಯದಲ್ಲ. 'ಚಿರು' ಎಂಬ ಟಿಬೆಟಿನ ಹುಲ್ಲೆಯದು. ಅದನ್ನು ಪಳಗಿಸಲಾಗುವುದಿಲ್ಲ, ಕೊಂದೇ ಕೂದಲು ತೆಗೆಯಬೇಕು. ಪ್ರಾಣಿ ಪೊದೆಗಳಿಗೆ ಮೈಯುಜ್ಜಿ ಬಿಟ್ಟುಹೋದ ಕೂದಲನ್ನು ಆರಿಸಿ ತರುತ್ತಾರೆಂಬ ಕಥೆಯನ್ನು ವ್ಯಾಪಾರಿಗಳು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಗಿರಾಕಿಗಳಿಗೆ ಹೇಳುತ್ತಿದ್ದರು. ಚಿರು ಸಂಚರಿಸುವ ಬಯಲಿನಲ್ಲಿ ಅಂಥ ಪೊದೆಗಳೇ ಇಲ್ಲದಂತಿರುವುದನ್ನು ಕೊಳ್ಳುವವರಾರೂ ಹೋಗಿ ನೋಡಲಿಲ್ಲ. ೧೯೭೯ರಿಂದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಇದರ ವ್ಯಾಪಾರಕ್ಕೆ ಪೂರ್ಣ ನಿಷೇಧವಿದ್ದರೂ ಜಮ್ಮು-ಕಾಶ್ಮೀರದಲ್ಲಿ ಕಾನೂನು ಬಿಗಿಯಾದದ್ದು ೨೦೦೨ರಲ್ಲಿ. ಉಂಗುರದೊಳಗಿಂದ ಶಾಲನ್ನು ಎಳೆದು ತೋರಿಸುವ ಪರೀಕ್ಷೆಯೂ ಇದೇ ಬಗೆಯದು. ತೆಳುವಾದ ರೇಷ್ಮೆಯೂ ಉಂಗುರದೊಳಗೆ ತೂರುತ್ತದೆ.

ಬರ್ನಿಯೆಯ ಅನಂತರ ನಾವು ನೋಡಬೇಕಾದವನು ಜಾರ್ಜ್ ಫಾರ್ಸ್ಟರ್. ಈಸ್ಟ್ ಇಂಡಿಯಾ ಕಂಪೆನಿಯ ನೌಕರನಾದ ಇವನು ಬಂಗಾಳದಿಂದ ಭೂಮಾರ್ಗವಾಗಿ ಇಂಗ್ಲೆಂಡಿಗೆ ಹೊರಟು, ೧೭೮೩ರಲ್ಲಿ ವೇಷ ಮರೆಸಿಕೊಂಡು ಕಾಶ್ಮೀರವನ್ನು ಹಾದುಹೋದನು. ಆಗ ಅಲ್ಲಿ ಆಫ್ಘನರ ಆಳ್ವಿಕೆ. ಸಾಧಾರಣ ಶಾಲಿಗೆ ಮಗ್ಗದ ಬಳಿಯಲ್ಲಿ ಎಂಟು ರೂಪಾಯಿ, ಗುಣಕ್ಕೆ ತಕ್ಕಂತೆ ಹದಿನೈದರಿಂದ ಇಪ್ಪತ್ತು, ಬಹು ನವಿರಾದುದಕ್ಕೆ ನಲವತ್ತು ಎಂದು ಅವನು ಲೆಕ್ಕ ಕೊಡುತ್ತಾನೆ. ನೂರು ರೂಪಾಯಿ ಬೆಲೆಯಾದರೆ ಅದರಲ್ಲಿ ಅರ್ಧ ಹೂವಿನ ಕೆಲಸಕ್ಕೆ ಸಲ್ಲತಕ್ಕದ್ದೆಂದೂ ಹೇಳುತ್ತಾನೆ. ಬರ್ನಿಯೆಯ ಐವತ್ತು ರೂಪಾಯಿಯನ್ನೂ ಫಾರ್ಸ್ಟರನ ಎಂಟು ರೂಪಾಯಿಯನ್ನೂ ಪಕ್ಕದಲ್ಲಿಟ್ಟು ಶಾಲಿನ ಬೆಲೆ ಕುಸಿಯಿತೆಂದು ತೀರ್ಮಾನಿಸುವ ಆತುರ ವಿದ್ಯಾರ್ಥಿಗಳಿಗೆ ಉಂಟಾಗುವುದು ಸಹಜ. ಅದು ಸರಿಯಲ್ಲ. ಒಬ್ಬನು ಬಾದಶಹನ ಪರಿವಾರದಲ್ಲಿದ್ದವನು. ಅಲ್ಲಿ ಕೇಳಿಬಂದದ್ದು ಉಮರಾವರು ಕೊಡುವ ಬೆಲೆ. ಇನ್ನೊಬ್ಬನು ಕೊಟ್ಟದ್ದು ಮಗ್ಗದ ಬಾಗಿಲಲ್ಲಿನ ಬೆಲೆ. ಇವೆರಡರ ನಡುವೆ ದಲ್ಲಾಳಿ, ವರ್ತಕ, ಸುಂಕದವನು ನಿಂತಿದ್ದಾರೆ. ಮೊಗಲರ ಕಾಲದಲ್ಲಿ ನಲವತ್ತು ಸಾವಿರ ಮಗ್ಗಗಳಿದ್ದು ತನ್ನ ಕಾಲಕ್ಕೆ ಹದಿನಾರು ಸಾವಿರವೂ ಉಳಿದಿರಲಿಲ್ಲವೆಂದು ಫಾರ್ಸ್ಟರ್ ಬರೆದಿರುವುದನ್ನು ಎಣಿಕೆಯೆಂದು ಭಾವಿಸದೆ, ಜನರ ನೆನಪಿನಲ್ಲಿದ್ದ ಇಳಿಗಾಲದ ಅಳತೆಯೆಂದು ಸ್ವೀಕರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಅಂಗಡಿಯನ್ನು ದಾಟಿ ಮಗ್ಗದ ಮನೆಯೊಳಕ್ಕೆ ಹೋದವನು ವಿಲಿಯಂ ಮೂರ್‌ಕ್ರಾಫ್ಟ್. ಪಶುವೈದ್ಯನಾಗಿದ್ದು ಕಂಪೆನಿಯ ಕುದುರೆಲಾಯದ ಮೇಲ್ವಿಚಾರಕನಾಗಿದ್ದ ಇವನು ೧೮೨೨ರ ಕೊನೆಯಲ್ಲಿ ಕಾಶ್ಮೀರಕ್ಕೆ ಬಂದು ೧೮೨೩ರವರೆಗೂ ಅಲ್ಲಿದ್ದನು. ಇವನ ಕುತೂಹಲ ನಿಷ್ಕಾಮವಾದುದಲ್ಲ. ಈ ಕಸುಬನ್ನು ಬ್ರಿಟನ್ನಿನಲ್ಲಿ ನೆಲೆಗೊಳಿಸಬೇಕೆಂಬ ಹಂಬಲ ಅವನಿಗಿತ್ತು. ನೆಯ್ಗೆಯವರ ಕುಟುಂಬಗಳನ್ನೇ ಅಲ್ಲಿಗೆ ಕರೆದೊಯ್ಯಬಹುದೆಂದೂ ಅವನು ಯೋಚಿಸಿದ್ದನು. ಆದುದರಿಂದಲೇ ಅವನ ವರದಿ ಇಷ್ಟು ನಿಖರವಾಗಿದೆಯೆನ್ನಬೇಕು. ಕದಿಯಬೇಕೆಂದಿರುವ ವಿದ್ಯೆಯನ್ನು ಅಲಕ್ಷ್ಯದಿಂದ ನೋಡುವವರುಂಟೇ!

ಉಣ್ಣೆಯನ್ನು ಶುದ್ಧಿಮಾಡಿ ನೂಲುವುದು ಹೆಂಗಸರ ಕೆಲಸವಾಗಿತ್ತು. ನೆನೆದ ಅಕ್ಕಿಯ ಹಿಟ್ಟಿನಲ್ಲಿ ಉಣ್ಣೆಯನ್ನು ನಾದಿ ಜಿಡ್ಡು ತೆಗೆಯುತ್ತಿದ್ದರು. ಬಣ್ಣಗಾರರು ತಮಗೆ ಅರುವತ್ತನಾಲ್ಕು ಬಣ್ಣಗಳು ತಿಳಿದಿವೆಯೆಂದು ಹೇಳಿಕೊಳ್ಳುತ್ತಿದ್ದರು. ನಕ್ಕಾಶನು ಚಿತ್ರ ಬರೆದು ಕೊಟ್ಟ ಮೇಲೆ, 'ತರಹ್ ಗುರು' ಎಂಬವನು ಅದನ್ನು ಮುಂದಿಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ, ಯಾವ ಬಣ್ಣ ಎಷ್ಟು ಎಳೆ ಎಂಬುದನ್ನು ಕೂಗಿ ಹೇಳುತ್ತಿದ್ದನು. 'ತಾಲೀಮ್ ಗುರು' ಅದನ್ನು ಸಂಕೇತಾಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದನು. ನೆಯ್ಗೆಯವನು ಚಿತ್ರವನ್ನು ನೋಡುವುದಿಲ್ಲ. ತಾಲೀಮನ್ನು ಓದಿ, ಶಾಲಿನ ಮುಖ ನೆಲದ ಕಡೆಗಿರುವಂತೆ, ಹಿಂಬದಿಯಿಂದ ನೆಯ್ಯುತ್ತಾನೆ. ಲಾಳಿಯ ಬದಲಿಗೆ ಬಣ್ಣದ ನೂಲು ಸುತ್ತಿದ ಕಣ್ಣಿಲ್ಲದ ಚಿಕ್ಕ ಮರದ ಕಡ್ಡಿಗಳು. ಕಾನಿ ಎಂಬ ಹೆಸರು ಇವುಗಳದೇ. ಒಂದು ಶಾಲಿಗೆ ನಾಲ್ಕು ನೂರರಿಂದ ಸಾವಿರದ ಐನೂರು ಕಡ್ಡಿಗಳವರೆಗೆ ಬೇಕಾಗುತ್ತಿದ್ದವು. ಹೊಕ್ಕಿನ ಎಳೆ ಈ ಅಂಚಿನಿಂದ ಆ ಅಂಚಿಗೆ ಹಾಯುವುದಿಲ್ಲ. ಒಂದೊಂದು ಬಣ್ಣವೂ ತನ್ನ ಎಲ್ಲೆ ಮುಗಿದೊಡನೆ ಪಕ್ಕದ ಬಣ್ಣಕ್ಕೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಬಹಳ ಕುಸುರಿಯ ಶಾಲಾದರೆ ಮೂವರು ಕುಳಿತರೂ ದಿನಕ್ಕೆ ಕಾಲು ಅಂಗುಲ ಮುಗಿಯುತ್ತಿರಲಿಲ್ಲವೆಂದೂ, ಒಂದೇ ಶಾಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದುಂಟೆಂದೂ ಮೂರ್‌ಕ್ರಾಫ್ಟ್ ಬರೆಯುತ್ತಾನೆ. ಇಷ್ಟು ಕಾಲ ಹಣ ತೊಡಗಿಸಿ ಕಾಯಲಾರದ ವರ್ತಕರು ಒಂದೇ ಶಾಲಿನ ಭಾಗಗಳನ್ನು ಬೇರೆ ಬೇರೆ ಮಗ್ಗಗಳಲ್ಲಿ ನೆಯ್ಯಿಸಿ, ರಫೂಗಾರನಿಂದ ಸೇರಿಸುವ ಉಪಾಯವನ್ನು ಕಂಡುಕೊಂಡರು. ಭಾಗಗಳ ಅಳತೆ ಒಂದಕ್ಕೊಂದು ಹೊಂದುತ್ತಿದ್ದುದು ಅಪರೂಪ. ಆದರೂ ಕೊಂಡವರ ಕಣ್ಣಿಗೆ ಆ ಹೊಲಿಗೆ ಬೀಳುತ್ತಿರಲಿಲ್ಲ.

ತಯಾರಾದ ಶಾಲಿಗೆ ಸರ್ಕಾರದ ಠಸ್ಸೆ ಬೀಳಬೇಕು. 'ದಾಗ್ ಶಾಲ್' ಎಂಬ ಈ ಇಲಾಖೆ ಆಫ್ಘನ್ ಸುಬೇದಾರ ಹಾಜಿ ಕರೀಂದಾದ್ ಖಾನನ ಕಾಲದಲ್ಲಿ ಆರಂಭವಾದುದು. ಮೂರ್‌ಕ್ರಾಫ್ಟನು ಬಂದಾಗ ಸಿಖ್ಖರ ಆಡಳಿತ. ಸುಂಕ ಬೆಲೆಯ ಮೇಲೆ ನೂರಕ್ಕೆ ೨೬. ಈ ಒಂದು ಅಂಕಿಯಿಂದ ಶಾಲಿನ ರೂಪವೇ ಮಾರ್ಪಟ್ಟದ್ದನ್ನು ನಾವು ವಿಶೇಷವಾಗಿ ಗಮನಿಸಬೇಕು. ೧೮೦೩ರಲ್ಲಿ ಕಾನ್‌ಸ್ಟಾಂಟಿನೋಪಲಿನ ವ್ಯಾಪಾರಸಂಸ್ಥೆಯೊಂದರ ಪರವಾಗಿ ಬಂದಿದ್ದ ಖ್ವಾಜಾ ಯೂಸುಫ್ ಎಂಬ ಅರ್ಮೇನಿಯದ ವರ್ತಕನು, ಮಗ್ಗದ ಹೂವನ್ನು ಸೂಜಿಯಿಂದ ಅನುಕರಿಸಿದರೆ ಮೂರನೆಯ ಒಂದು ಪಾಲಿನ ವೆಚ್ಚದಲ್ಲಿ ಮುಗಿಯುತ್ತದೆಂಬುದನ್ನು ಕಂಡನು. 'ಅಮ್ಲಿ' ಎಂಬ ಈ ಕಸೂತಿಯ ಶಾಲಿಗೆ ಮೊದಲಲ್ಲಿ ಸುಂಕವೂ ಇರಲಿಲ್ಲ. ಕೆಲವೇ ಮಂದಿಯಿದ್ದ ರಫೂಗಾರರ ಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ಐದು ಸಾವಿರಕ್ಕೇರಿತೆಂದು ಮೂರ್‌ಕ್ರಾಫ್ಟನ ಅಂದಾಜು. ೧೮೧೯ರಲ್ಲಿ ರಣಜಿತ್ ಸಿಂಗನು ಕಾಶ್ಮೀರವನ್ನು ಗೆದ್ದ ಮೇಲೆ ಜಮೀನು ಕಳೆದುಕೊಂಡವರು ಸಹ ಅವರಲ್ಲಿದ್ದರು. ಕಸೂತಿಯ ಶಾಲನ್ನು ಕಾಶ್ಮೀರದ ಸನಾತನ ಕಲೆಯೆಂದು ಬಣ್ಣಿಸುವ ಬರಹಗಳು ಇಂದಿಗೂ ಬರುತ್ತಿವೆ. ಆ ರೂಪದಲ್ಲಿ ಅದು ಬಹಳವಾಗಿ ಹರಡಿದುದಕ್ಕೆ ಸುಂಕದ ಕಟ್ಟೆಯೂ ಒಂದು ಕಾರಣವೆಂಬುದನ್ನು ಅವು ಹೇಳುವುದಿಲ್ಲ.

ಇಷ್ಟರಲ್ಲಿ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯಿಂದೀಚೆಗೆ ಫ್ರಾನ್ಸಿನಲ್ಲಿ ಶಾಲಿನ ಗೀಳು ಹಬ್ಬಿತ್ತು. ಅನುಕರಣದ ಶಾಲುಗಳು ಯುರೋಪಿನ ಯಂತ್ರಗಳಲ್ಲಿ ಹೊರಬಂದವು. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೆಸರೇ ನಮ್ಮ ಮಾವಿನಕಾಯಿಗೆ ಇಂಗ್ಲಿಷಿನಲ್ಲಿ ಅಂಟಿಕೊಂಡಿತು. ೧೮೪೬ರ ಅಮೃತಸರದ ಒಪ್ಪಂದದಂತೆ ಗುಲಾಬ್ ಸಿಂಗನು ಬ್ರಿಟಿಷರಿಗೆ ವರ್ಷಕ್ಕೊಂದು ಕುದುರೆ, ಹನ್ನೆರಡು ಶಾಲುಮೇಕೆ, ಮೂರು ಜೋಡಿ ಶಾಲುಗಳನ್ನು ಒಪ್ಪಿಸಬೇಕಾಯಿತು. ಶತಮಾನದ ನಡುವಿನ ಹೊತ್ತಿಗೆ ಫ್ರೆಂಚ್ ವರ್ತಕರ ಪ್ರತಿನಿಧಿಗಳು ಶ್ರೀನಗರಕ್ಕೇ ಬಂದು, ತಮ್ಮ ದೇಶದಲ್ಲಿ ಬರೆಸಿದ ಚಿತ್ರಗಳನ್ನು ಕೊಟ್ಟು ನೆಯ್ಯಿಸಿಕೊಳ್ಳುತ್ತಿದ್ದರು. ವ್ಯಾಪಾರ ಹೆಚ್ಚಿದಷ್ಟೂ ನೆಯ್ಗೆಯವನ ಮೇಲಿನ ಹಿಡಿತ ಬಿಗಿಯಾಯಿತು. ಕಸುಬನ್ನು ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಆದರೂ ಹಲವರು ಗುಟ್ಟಾಗಿ ಗಡಿ ದಾಟಿ ಪಂಜಾಬಿನ ಪಟ್ಟಣಗಳನ್ನು ಸೇರಿದರು. ೧೮೬೫ರ ಏಪ್ರಿಲ್ ೨೯ರಂದು ಶ್ರೀನಗರದ ಶಾಲು ನೆಯ್ಗೆಯವರು ತೆರಿಗೆಯ ವಿರುದ್ಧ ಮೆರವಣಿಗೆ ಹೊರಟರು. ಜಾಲ್‌ಡಗರದಲ್ಲಿ ಸೈನಿಕರು ಅವರನ್ನು ತಡೆದು ಚದುರಿಸಿದರು. ಸತ್ತವರು ೨೮ ಮಂದಿಯೆಂದು ಹೇಳುತ್ತಾರೆ. ಓಡುವ ನೂಕುನುಗ್ಗಲಿನಲ್ಲಿ ಕಾಲುವೆಗೆ ಬಿದ್ದು ಮುಳುಗಿದವರು ಅವರಲ್ಲಿ ಹಲವರು. ಈ ಜನರ ದುರವಸ್ಥೆಯನ್ನು ಬರೆದಿಟ್ಟ ಪ್ರವಾಸಿಗರಲ್ಲಿ ೧೮೬೮ರಲ್ಲಿ ಶ್ರೀನಗರದಲ್ಲಿಯೇ ತೀರಿಕೊಂಡ ರಾಬರ್ಟ್ ಥಾರ್ಪ್ ಎಂಬ ತರುಣ ಸೈನ್ಯಾಧಿಕಾರಿಯ ಹೆಸರನ್ನು ನೆನೆಯಬೇಕು. ಇವನ ಬರಹದಲ್ಲಿ ಶಾಲಿನ ಅಂದಕ್ಕಿಂತ ಅದನ್ನು ನೆಯ್ದವನ ಲೆಕ್ಕಪತ್ರ ಮುಖ್ಯವಾಗಿದೆ. ಬರ್ನಿಯೆಯಿಂದ ಥಾರ್ಪನವರೆಗೆ ಸುಮಾರು ಇನ್ನೂರು ವರ್ಷ.

೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾಯಿತು. ಫ್ರಾನ್ಸಿನ ಪೇಟೆ ಮುಚ್ಚಿತು; ಫ್ಯಾಷನ್ ಸಹ ಬದಲಾಯಿತು. ಕಾಶ್ಮೀರದಲ್ಲಿ ಭೂಕಂದಾಯದ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸನು ೧೮೯೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಣ್ಣಾರೆ ಕಂಡವರಿಂದ ಕೇಳಿದ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಶ್ರೀನಗರದ ಶಾಲು ನೆಯ್ಗೆಯವರು ಆ ದೂರದ ಯುದ್ಧದ ವರ್ತಮಾನಗಳನ್ನು ಆತಂಕದಿಂದ ಕಾಯುತ್ತಿದ್ದರು. ಜರ್ಮನರು ಗೆದ್ದ ಸುದ್ದಿ ಬಂದಾಗ ಗಟ್ಟಿಯಾಗಿ ಅತ್ತರು. ೧೮೭೭-೭೯ರ ಕ್ಷಾಮದಲ್ಲಿ ಅವರ ಪೈಕಿ ಬಹುಸಂಖ್ಯೆಯವರು ಸತ್ತರು. ಉಳಿದವರಲ್ಲಿ ಕೆಲವರು ರತ್ನಗಂಬಳಿಯ ಮಗ್ಗಗಳಿಗೆ ಹೋಗಿ ಸೇರಿಕೊಂಡರು. ತಾಲೀಮಿನ ಬರಹವನ್ನೂ ತಮ್ಮೊಡನೆ ಕೊಂಡೊಯ್ದರು. ಕಾಶ್ಮೀರದ ರತ್ನಗಂಬಳಿಗಳನ್ನು ಇಂದಿಗೂ ಆ ಸಂಕೇತಗಳನ್ನು ಓದಿಯೇ ನೆಯ್ಯುತ್ತಾರೆ.