ಮೆಥಿಲೀನ್ ನೀಲಿ

ಫೀನೊಥಯಾಜಿನ್ ವರ್ಗಕ್ಕೆ ಸೇರಿದ ಸಂಶ್ಲೇಷಿತ ವರ್ಣದ್ರವ್ಯ. ಒಣಗಿರುವಾಗ ಕಡುಹಸಿರು ಪುಡಿಯಾಗಿಯೂ ನೀರಿನಲ್ಲಿ ಕರಗಿದೊಡನೆ ಗಾಢನೀಲವಾಗಿಯೂ ತೋರುವ ಈ ದ್ರವ್ಯ ಬಟ್ಟೆಯ ಬಣ್ಣವಾಗಿ ಹುಟ್ಟಿ, ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನು ಕಾಣಿಸುವ ಸಾಧನವಾಗಿ ಬೆಳೆದು, ವೈದ್ಯರ ಕೈಯಲ್ಲಿ ಪ್ರಾಣರಕ್ಷಕ ಔಷಧವೆನಿಸಿ, ಇತ್ತೀಚೆಗೆ ಸ್ಮರಣಶಕ್ತಿಯನ್ನೂ ಚೈತನ್ಯವನ್ನೂ ವರ್ಧಿಸುವ ಆರೋಗ್ಯಪೂರಕವೆಂದು ಮಾರಾಟವಾಗುತ್ತಿದೆ.

ಇತಿಹಾಸ: 1876ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಹೈನ್ರಿಕ್ ಕಾರೊ ಇದನ್ನು ತಯಾರಿಸಿದನು. ಈ ಬಣ್ಣವು ಕೆಲವು ಅಂಗಾಂಶಗಳನ್ನೂ ರೋಗಾಣುಗಳನ್ನೂ ಮಾತ್ರ ಆರಿಸಿ ಹಿಡಿಯುವುದನ್ನು ಕಂಡ ವೈದ್ಯವಿಜ್ಞಾನಿ ಪಾಲ್ ಎರ್ಲಿಕ್, ರೋಗಾಣುವಿಗೆ ಅಂಟುವ ವಸ್ತು ಅದನ್ನು ನಾಶಪಡಿಸಲೂ ಬಲ್ಲುದೆಂದು ತರ್ಕಿಸಿ, 1891ರಲ್ಲಿ ವೈದ್ಯ ಪಾಲ್ ಗುಟ್‌ಮನ್ನನೊಡನೆ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡನು.

ಕಾರ್ಯವಿಧಾನ: ಎಲೆಕ್ಟ್ರಾನುಗಳನ್ನು ಒಂದೆಡೆ ಸ್ವೀಕರಿಸಿ ಇನ್ನೊಂದೆಡೆ ಒಪ್ಪಿಸುವುದೇ ಇದರ ಮೂಲಗುಣ; ಎಲೆಕ್ಟ್ರಾನುಗಳನ್ನು ಸ್ವೀಕರಿಸಿದಾಗ ಇದರ ನೀಲಿ ಅಳಿಯುತ್ತದೆ. ಡೈರಿಗಳಲ್ಲಿ 10 ಮಿ.ಲೀ. ಹಾಲಿಗೆ ಇದರ 1 ಮಿ.ಲೀ. ದ್ರಾವಣವನ್ನು ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟಾಗ, ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ಬೇಗ ನೀಲಿ ಮಾಯವಾಗಿ ಹಾಲು ಬೆಳ್ಳಗಾಗುವುದು ಈ ಗುಣದಿಂದಲೇ.

ಪ್ರಯೋಜನ: ಕೆಲವು ಔಷಧ ಹಾಗೂ ರಾಸಾಯನಿಕಗಳ ದೆಸೆಯಿಂದ ಹೀಮೊಗ್ಲೋಬಿನ್ನಿನ ಕಬ್ಬಿಣವು ಉತ್ಕರ್ಷಣಗೊಂಡು ಆಮ್ಲಜನಕವನ್ನು ಹೊರಲಾರದಂತಾಗುವ ಮೆಥಿಮೊಗ್ಲೋಬಿನೀಮಿಯ ಎಂಬ ಸ್ಥಿತಿಯಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 2 ಮಿಲಿಗ್ರಾಮಿನಂತೆ ಇದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರೆ, ಕಬ್ಬಿಣವು ಮೊದಲಿನ ಸ್ಥಿತಿಗೆ ಮರಳಿ, ನೀಲಿಗಟ್ಟಿದ್ದ ತುಟಿಗಳು ಬಣ್ಣ ಪಡೆಯುತ್ತವೆ. ಇದು ಸಂದೇಹಾತೀತವಾದ ಉಪಕಾರ. ಜೀವಕೋಶದ ಮೈಟೊಕಾಂಡ್ರಿಯಗಳಲ್ಲಿ ಶಕ್ತ್ಯುತ್ಪಾದನೆಗೆ ಇದು ನೆರವಾಗುವುದೆಂಬ ಪ್ರಾಣಿಪ್ರಯೋಗಗಳ ಆಧಾರದ ಮೇಲೆ ಪೂರಕದ ಪ್ರಚಾರ ನಿಂತಿದೆ. ಆದರೆ ಇದರ ಒಂದು ರೂಪಾಂತರವನ್ನು ಆಲ್ಝೈಮರ್ ರೋಗಿಗಳ ಮೇಲೆ ಪರೀಕ್ಷಿಸಿದ, 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ.

ಅಪಾಯ: ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಇದು ತಡೆಯುವುದರಿಂದ, ಖಿನ್ನತೆಗೆ ಸೆರೊಟೊನಿನ್ ಹೆಚ್ಚಿಸುವ ಮಾತ್ರೆಗಳನ್ನು ಸೇವಿಸುತ್ತಿರುವವರಲ್ಲಿ ಜ್ವರ, ನಡುಕ, ಸ್ನಾಯುಬಿಗಿತ, ಚಿತ್ತಭ್ರಮೆಗಳು ತಲೆದೋರಿ ಪ್ರಾಣಕ್ಕೇ ಸಂಚಕಾರ ಬರಬಹುದು, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿಯೇ ಈ ಎಚ್ಚರಿಕೆಯನ್ನು ಕೊಟ್ಟಿದೆ. ಮಲೇರಿಯಾ ಬಹುಕಾಲ ನೆಲೆಸಿದ್ದ ಪ್ರದೇಶಗಳ ಜನರಲ್ಲಿ, ಭಾರತೀಯರಲ್ಲಿಯೂ, ಕಂಡುಬರುವ ಜಿ6ಪಿಡಿ ಕಿಣ್ವದ ಆನುವಂಶಿಕ ಕೊರತೆಯುಳ್ಳವರಿಗೆ ಇದರಿಂದ ಕೆಂಪು ರಕ್ತಕಣಗಳು ಒಡೆಯುವ ಭಯವುಂಟು. ಯಾವ ಮೆಥಿಮೊಗ್ಲೋಬಿನೀಮಿಯವನ್ನು ಅಳತೆಯಲ್ಲಿ ಕೊಟ್ಟ ಮದ್ದು ಕಳೆಯುವುದೋ ಅದನ್ನೇ ಅತಿಯಾದ ಮದ್ದು ತಂದೊಡ್ಡುತ್ತದೆ. ಗರ್ಭಿಣಿಯರು ಸೇವಿಸಿದರೆ ಭ್ರೂಣಕ್ಕೆ ಹಾನಿ ಸಂಭವ. ಮೂತ್ರ ನೀಲಿ ಅಥವಾ ಹಸಿರಾಗುವುದು ನಿರಪಾಯಕರವಾದರೂ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಆಮ್ಲಜನಕದ ಪ್ರಮಾಣವನ್ನು ತಪ್ಪಾಗಿ ಕಡಿಮೆ ತೋರಿಸಬಹುದು. ಪ್ರಯೋಗಶಾಲೆಗೂ ಮೀನಿನ ತೊಟ್ಟಿಗೂ ತಯಾರಾದ ಪುಡಿಯಲ್ಲಿ ಸೀಸ, ಆರ್ಸೆನಿಕ್ ಮೊದಲಾದ ಕಲ್ಮಶಗಳಿರಬಹುದಾದುದರಿಂದ ಅದನ್ನು ಸೇವಿಸಲೇಕೂಡದು.

ವಿವೇಚನೆ: ಕಬ್ಬಿಣ, ಅಯೊಡಿನ್‌ಗಳಂತೆ ಇದು ದೇಹದ ಘಟಕವಲ್ಲ, ಇದರ ಅಭಾವದಿಂದ ಬರುವ ವ್ಯಾಧಿಯೊಂದೂ ಇಲ್ಲ. ರೋಗನಿರ್ಣಯವಾದ ಮೇಲೆ, ರೋಗಿಯ ಇತರ ಔಷಧಗಳನ್ನೂ ರಕ್ತದ ಸ್ವಭಾವವನ್ನೂ ಅರಿತ ವೈದ್ಯರು ಅಳೆದು ಕೊಟ್ಟಾಗ ಇದು ಅಮೂಲ್ಯವೇ ಸರಿ. ಆದರೆ ಆರೋಗ್ಯವಂತರು ನಿತ್ಯ ಸೇವಿಸುವುದಕ್ಕೆ ಸಾಕಷ್ಟು ಆಧಾರವಿಲ್ಲ, ಈಗಾಗಲೇ ಸೇವಿಸುತ್ತಿರುವವರು ಅದನ್ನು ತಮ್ಮ ವೈದ್ಯರಿಂದ ಮರೆಮಾಚತಕ್ಕದ್ದಲ್ಲ.